ಹತ್ತಡಿ ಎತ್ತರದ ಹಾರಾಟ

ವಿಮಾನವು ಮೇಲೆ ಮೇಲೆ ಹೋದಷ್ಟೂ ಅಪಾಯ ಹೆಚ್ಚೆಂದೂ, ನೆಲಕ್ಕೆ ಸಮೀಪವಾಗಿದ್ದಷ್ಟೂ ಕ್ಷೇಮವೆಂದೂ ಅನೇಕರು ತಿಳಿದಿರುತ್ತಾರೆ. ಮರ ಹತ್ತುವವನ ವಿಷಯದಲ್ಲಿ ಈ ಮಾತು ನಿಜ; ವಿಮಾನದ ವಿಷಯದಲ್ಲಿ ಇದು ಬಹುಮಟ್ಟಿಗೆ ತಲೆಕೆಳಗು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಎಂಜಿನ್ನುಗಳು ನಿಂತುಹೋದರೂ ಚಾಲಕನಿಗೆ ಯೋಚಿಸುವುದಕ್ಕೆ, ಎಂಜಿನ್ನನ್ನು ಮತ್ತೆ ಹೂಡುವುದಕ್ಕೆ, ಇಳಿಯಲು ತಕ್ಕ ಸ್ಥಳವನ್ನು ಹುಡುಕುವುದಕ್ಕೆ ಹಲವು ನಿಮಿಷಗಳ ಅವಕಾಶವಿರುತ್ತದೆ. ಎತ್ತರವೆಂಬುದು ಅವನ ಪಾಲಿಗೆ ಕೂಡಿಟ್ಟ ಹಣವಿದ್ದಂತೆ; ಕಷ್ಟ ಬಂದಾಗ ಸ್ವಲ್ಪಸ್ವಲ್ಪವಾಗಿ ಖರ್ಚುಮಾಡಬಹುದು. ಪೈರಿನ ಮೇಲೆ ಔಷಧಿಯನ್ನು ಸಿಂಪಡಿಸುವ ವಿಮಾನದ ಚಾಲಕನಲ್ಲಿ ಇಂತಹ ಕೂಡಿಟ್ಟ ಹಣ ಸ್ವಲ್ಪವೂ ಇಲ್ಲ. ಅವನು ಹಾರುವುದು ತೆನೆಗಳ ಮೇಲೆ ಹತ್ತೇ ಅಡಿ, ಎಂದರೆ ಸುಮಾರು ಮೂರು ಮೀಟರು ಎತ್ತರದಲ್ಲಿ. ವೇಗವೋ, ಗಂಟೆಗೆ ಸುಮಾರು 180 ಕಿಲೋಮೀಟರು.

ಇದರ ಅರ್ಥವೇನೆಂಬುದನ್ನು ಸ್ವಲ್ಪ ಲೆಕ್ಕಮಾಡಿ ನೋಡೋಣ. ಗಂಟೆಗೆ 180 ಕಿಲೋಮೀಟರೆಂದರೆ ಸೆಕೆಂಡಿಗೆ 50 ಮೀಟರು. ವಿಮಾನದ ಮೂಗು ಕೇವಲ ಮೂರು ಡಿಗ್ರಿಯಷ್ಟು ಕೆಳಗೆ ಬಾಗಿ ವಿಮಾನವು ಆ ದಿಕ್ಕಿನಲ್ಲೇ ಸಾಗಿತೆಂದಿಟ್ಟುಕೊಳ್ಳಿ. ಅದು ಸೆಕೆಂಡಿಗೆ 2.6 ಮೀಟರಿನಂತೆ ಇಳಿಯತೊಡಗುತ್ತದೆ. ಒಂದು ಸೆಕೆಂಡು ಮುಗಿದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ನೆಲವನ್ನು ಮುಟ್ಟಿರುತ್ತದೆ. ಚಾಲಕನು ಒಮ್ಮೆ ಸೀನಿದರೂ ಇಷ್ಟು ಕಾಲ ಕಳೆದುಹೋಗುತ್ತದೆ.

ಹಾಗಾದರೆ ಅವನು ಅಷ್ಟು ಕೆಳಗೆ ಹಾರುವುದೇಕೆ? ನೂರಡಿ ಮೇಲಿನಿಂದ ಸಿಂಪಡಿಸಿದರೆ ಆಗದೆ? ಆಗದು. ಕಾರಣವು ಹನಿಯ ಗಾತ್ರದಲ್ಲಿದೆ. ಸಿಂಪರಣೆಯ ಮೂತಿಗಳಿಂದ ಹೊರಬೀಳುವ ಹನಿಗಳೆಲ್ಲ ಒಂದೇ ಅಳತೆಯವಲ್ಲ. ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಅಡ್ಡಳತೆಯುಳ್ಳ ಹನಿಯು ಸೆಕೆಂಡಿಗೆ ಸುಮಾರು 70 ಸೆಂಟಿಮೀಟರಿನಂತೆ ಬೀಳುತ್ತದೆ. ಮೂರು ಮೀಟರು ಇಳಿಯಲು ಅದಕ್ಕೆ ನಾಲ್ಕೈದು ಸೆಕೆಂಡು ಸಾಕು. ಅದರ ಕಾಲುಭಾಗ ಅಡ್ಡಳತೆಯುಳ್ಳ ಸಣ್ಣ ಹನಿಯಾದರೋ ಸೆಕೆಂಡಿಗೆ ಏಳು ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಅದು ಪೈರನ್ನು ಮುಟ್ಟಲು 40 ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಸೆಕೆಂಡಿಗೆ ಎರಡು ಮೀಟರು ವೇಗದ ತಂಗಾಳಿ ಬೀಸುತ್ತಿದ್ದರೂ ಸಾಕು, ಅಷ್ಟರಲ್ಲಿ ಆ ಹನಿ 80 ಮೀಟರಿಗಿಂತ ಆಚೆಗೆ ತೇಲಿಹೋಗಿರುತ್ತದೆ. ಮೂವತ್ತು ಮೀಟರು ಎತ್ತರದಿಂದ ಬಿಟ್ಟರೆ ಈ ದೂರ ಹತ್ತು ಮಡಿಯಾಗುತ್ತದೆ. ಆಗ ಔಷಧಿಯು ಬೀಳುವುದು ಹತ್ತಿಯ ಹೊಲದ ಮೇಲಲ್ಲ, ಪಕ್ಕದ ಊರಿನ ಬಾವಿಯಲ್ಲಿ, ದನದ ಹುಲ್ಲಿನಲ್ಲಿ, ಶಾಲೆಯ ಅಂಗಳದಲ್ಲಿ. ಆದುದರಿಂದ ಚಾಲಕನು ಕೆಳಗೆ ಹಾರಿದಷ್ಟೂ ನೆರೆಯವರು ಕ್ಷೇಮ. ನೆರೆಯವರ ಆ ಕ್ಷೇಮಕ್ಕೆ ಅವನು ತನ್ನ ಪ್ರಾಣವನ್ನು ಒತ್ತೆಯಿಟ್ಟಿರುತ್ತಾನೆ.

ಈ ಕೆಲಸ ಮೊದಲಾದುದು ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ. ಅಲ್ಲಿನ ಟ್ರಾಯ್ ಪಟ್ಟಣದ ಬಳಿ ಕಟಾಲ್ಪ ಎಂಬ ಮರಗಳ ತೋಪೊಂದಕ್ಕೆ ಒಂದು ಜಾತಿಯ ಪತಂಗದ ಕಂಬಳಿಹುಳುಗಳು ಮುತ್ತಿದ್ದುವು. 1921ನೆಯ ಆಗಸ್ಟ್ 3ರಂದು ಲೆಫ್ಟಿನೆಂಟ್ ಜಾನ್ ಮೆಕ್‌ರೆಡಿ ಎಂಬ ಸೈನ್ಯದ ವೈಮಾನಿಕನು 'ಜೆನ್ನಿ' ಎಂಬ ಹಳೆಯ ವಿಮಾನದಲ್ಲಿ ಆ ತೋಪಿನ ಪಕ್ಕದಲ್ಲೇ ತೀರ ಕೆಳಗೆ ಹಾರಿದನು. ವಿಮಾನದ ಮಗ್ಗುಲಿಗೆ ಕಟ್ಟಿದ್ದ ತಗಡಿನ ಡಬ್ಬಿಯಿಂದ, ಅದನ್ನು ರಚಿಸಿದ ಡೋರ್ಮಾಯ್ ಎಂಬಾತನು ಕೈಹಿಡಿಯನ್ನು ತಿರುಗಿಸುತ್ತ ಸೀಸದ ಆರ್ಸೆನೇಟ್ ಪುಡಿಯನ್ನು ಉದುರಿಸಿದನು. ಗಾಳಿಯು ಆ ಪುಡಿಯನ್ನು ಮರಗಳ ಮೇಲೆ ಹೊದಿಸಿತು, ಹುಳುಗಳು ಸತ್ತವು. ಇದೇ ಮೆಕ್‌ರೆಡಿಯು ಎರಡು ತಿಂಗಳೊಳಗಾಗಿ ಮತ್ತೊಂದು ವಿಮಾನದಲ್ಲಿ ಹತ್ತು ಸಾವಿರ ಮೀಟರಿಗೂ ಮೇಲೇರಿ ಎತ್ತರದ ಹಾರಾಟದಲ್ಲಿ ಲೋಕದ ದಾಖಲೆಯನ್ನು ಸ್ಥಾಪಿಸಿದನೆಂಬುದು ಒಂದು ಸೋಜಿಗ. ಎರಡರಲ್ಲಿ ಯಾವುದು ಹೆಚ್ಚು ಧೈರ್ಯದ ಕೆಲಸವೆಂದು ಕೇಳಿದರೆ, ನಮ್ಮ ಮತವು ಮರಗಳ ಪಕ್ಕದ ಹಾರಾಟಕ್ಕೇ ಸಲ್ಲುತ್ತದೆ.

ಮುಂದೆ ಲೂಯಿಸಿಯಾನದ ಹತ್ತಿಯ ಹೊಲಗಳಲ್ಲಿ ಕಾಯಿಕೊರಕ ಹುಳುವಿನ ಮೇಲೆ ಪುಡಿ ಎರಚಲು ಒಂದು ಕಂಪೆನಿಯೇ ಹುಟ್ಟಿತು. ಇಂದು ಜಗತ್ತಿನ ದೊಡ್ಡ ವಿಮಾನಸಂಸ್ಥೆಗಳಲ್ಲಿ ಒಂದಾದ ಡೆಲ್ಟಾ ಬೆಳೆದುಬಂದುದು ಅದರಿಂದಲೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಸ್ಟಿಯರ್ಮನ್, ಟೈಗರ್ ಮಾತ್ ಮುಂತಾದ ತರಬೇತಿ ವಿಮಾನಗಳು ಅಗ್ಗದ ಬೆಲೆಗೆ ದೊರೆತವು. ಮುಂದಿನ ಆಸನದ ಸ್ಥಳದಲ್ಲಿ ಔಷಧಿಯ ತೊಟ್ಟಿಯನ್ನಿಟ್ಟು ಇವುಗಳನ್ನು ಹೊಲಕ್ಕೆ ಇಳಿಸಿದರು. ಪಾಠ ಕಲಿಸಲು ಕಟ್ಟಿದ ವಿಮಾನ ಉಳುವ ಎತ್ತಿನಂತೆ ದುಡಿಯಬೇಕಾಯಿತು. ಅಪಘಾತಗಳು ಹೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ಈ ಅಪಘಾತಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಶತ್ರುವೆಂದರೆ ತಂತಿ. ಹೊಲದ ಅಂಚಿನಲ್ಲಿ, ಕೆಲವೊಮ್ಮೆ ನಡುವಿನಲ್ಲೇ, ವಿದ್ಯುತ್ತಿನ ತಂತಿಗಳು ಹಾದುಹೋಗಿರುತ್ತವೆ. ತಂತಿಯು ಆಕಾಶದ ಬೆಳಕಿಗೆ ಎದುರಾಗಿದ್ದರೆ ಕಪ್ಪುಗೆರೆಯಂತೆ ದೂರದಿಂದಲೂ ಕಾಣುತ್ತದೆ. ಆದರೆ ಚಾಲಕನ ಕಣ್ಣು ತಂತಿಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ದಾಗ ಅದರ ಹಿಂದೆ ಇರುವುದು ಆಕಾಶವಲ್ಲ, ಮರಗಳ ಹಸುರು ಅಥವಾ ಉತ್ತ ನೆಲದ ಕಂದು. ಬಣ್ಣ ಮಾಸಿದ ಬೆರಳುಗಾತ್ರದ ತಂತಿಯು ಆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಇನ್ನೂರು ಮೀಟರು ದೂರದಲ್ಲಿ ಅದು ಕಣ್ಣಿಗೆ ಬಿದ್ದರೂ ಚಾಲಕನಿಗೆ ಉಳಿದಿರುವುದು ನಾಲ್ಕೇ ಸೆಕೆಂಡು. ಕಂಡದ್ದನ್ನು ತಂತಿಯೆಂದು ಮನಸ್ಸು ಅರಿಯಬೇಕು, ಕೈ ಹಿಡಿಕೆಯನ್ನು ಎಳೆಯಬೇಕು, ಭಾರವಾದ ವಿಮಾನವು ಆ ಆಜ್ಞೆಗೆ ತಲೆಬಾಗಿ ಮೇಲೇಳಬೇಕು. ಇಷ್ಟಕ್ಕೂ ಆ ನಾಲ್ಕು ಸೆಕೆಂಡುಗಳೊಳಗೇ ಎಡೆಯಾಗಬೇಕು. ಅದಕ್ಕಾಗಿ ಅನುಭವಿಗಳು ತಂತಿಯನ್ನು ಹುಡುಕುವುದೇ ಇಲ್ಲ, ಕಂಬಗಳನ್ನು ಹುಡುಕುತ್ತಾರೆ. ಕಂಬದ ಮೇಲಿನ ಅಡ್ಡಪಟ್ಟಿ ಯಾವ ಕಡೆಗೆ ತಿರುಗಿದೆ, ಸರದಿಯಿಂದ ಸಿಡಿದು ದೂರದ ಪಂಪುಸೆಟ್ಟಿಗೆ ಹೋಗುವ ಒಂಟಿ ತಂತಿ ಇದೆಯೆ, ಎಂಬುದನ್ನು ಕೆಲಸಕ್ಕೆ ಮೊದಲೇ ಎತ್ತರದಲ್ಲಿ ಒಂದು ಸುತ್ತು ಹಾಕಿ ನೋಡಿಕೊಳ್ಳುತ್ತಾರೆ.

ದೊಡ್ಡ ಗೋಪುರಗಳ ಮೇಲಿನ ತಂತಿಗಳಲ್ಲಿ ಇನ್ನೊಂದು ಮೋಸವಿದೆ. ವಿದ್ಯುತ್ತನ್ನು ಒಯ್ಯುವ ದಪ್ಪ ತಂತಿಗಳಿಗಿಂತ ಮೇಲೆ, ಗೋಪುರದ ನೆತ್ತಿಯಲ್ಲಿ, ಸಿಡಿಲಿನಿಂದ ರಕ್ಷಿಸುವುದಕ್ಕೆಂದು ತೆಳುವಾದ ಮತ್ತೊಂದು ತಂತಿಯನ್ನು ಎಳೆದಿರುತ್ತಾರೆ. ದಪ್ಪ ತಂತಿಗಳನ್ನು ಕಂಡು ಅವುಗಳನ್ನು ದಾಟಲು ಮೇಲೇಳುವ ಚಾಲಕನು ನೇರವಾಗಿ ಈ ಕಾಣದ ತಂತಿಗೆ ಸಿಕ್ಕುತ್ತಾನೆ. ಇದಲ್ಲದೆ ತಂತಿಯು ಬಿಸಿಲಿಗೆ ಹಿಗ್ಗಿ ಜೋಲುಬೀಳುತ್ತದೆ. ಬೆಳಿಗ್ಗೆ ಅದರ ಅಡಿಯಲ್ಲಿ ಇದ್ದ ಎಡೆ ಮಧ್ಯಾಹ್ನಕ್ಕೆ ಇರುವುದಿಲ್ಲ. ತಂತಿಯ ಅಡಿಯಲ್ಲೇ ನುಸುಳಿ ಹಾರುವ ವಾಡಿಕೆ ಈ ಕಸುಬಿನವರಲ್ಲಿ ಉಂಟಾದುದರಿಂದ ಇದು ಕೇವಲ ಭೌತಶಾಸ್ತ್ರದ ಪಾಠವಲ್ಲ.

ಆದರೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚುವ ಸಂಗತಿ ಬೇರೆಯೇ ಇದೆ. 2001ರಿಂದ 2010ರವರೆಗಿನ ಹತ್ತು ವರ್ಷಗಳಲ್ಲಿ ಆಸ್ಟ್ರೇಲಿಯದಲ್ಲಿ ವಿಮಾನಗಳು ತಂತಿಗೆ ತಗುಲಿದ 180 ಪ್ರಸಂಗಗಳು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಲಿಗೆ ವರದಿಯಾದವು. ಅವುಗಳಲ್ಲಿ ನೂರು ವ್ಯವಸಾಯದ ಹಾರಾಟಕ್ಕೆ ಸೇರಿದ್ದವು. ಮಂಡಲಿಯು ವಿಚಾರಮಾಡಿ ನೋಡಿದಾಗ, ತಂತಿಗೆ ಸಿಕ್ಕ ಚಾಲಕರಲ್ಲಿ ನೂರಕ್ಕೆ 63 ಮಂದಿಗೆ ಆ ತಂತಿಯು ಅಲ್ಲಿರುವುದು ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಏಕೆ ಹೋಗಿ ತಗುಲಿದರು? ಹಿತ್ತಲಿನಲ್ಲಿ ಬಟ್ಟೆ ಒಣಗಹಾಕುವ ತಂತಿಯನ್ನು ನಾವೇ ಕಟ್ಟಿರುತ್ತೇವೆ. ಏನನ್ನೋ ಯೋಚಿಸುತ್ತ ಹೋಗಿ ಅದಕ್ಕೇ ಕುತ್ತಿಗೆ ಕೊಡುತ್ತೇವೆ. ಚಾಲಕನ ಸ್ಥಿತಿ ಇದಕ್ಕಿಂತ ಕಠಿನ. ಹೊಲದ ಅಗಲ 500 ಮೀಟರು, ಒಂದು ಸಲಕ್ಕೆ ಸಿಂಪಡಿಸಬಹುದಾದ ಪಟ್ಟಿಯ ಅಗಲ 20 ಮೀಟರು ಎಂದರೆ ಅವನು 25 ಬಾರಿ ಹೋಗಿಬರಬೇಕು. ಪ್ರತಿಸಲವೂ ಹಿಂದಿನ ಪಟ್ಟಿಯ ಅಂಚಿಗೆ ಹೊಂದಿಸಬೇಕು, ಗಾಳಿಯನ್ನು ಗಮನಿಸಬೇಕು, ತೊಟ್ಟಿಯಲ್ಲಿ ಉಳಿದ ಔಷಧಿಯನ್ನು ಲೆಕ್ಕಹಾಕಬೇಕು. ಇಪ್ಪತ್ತನಾಲ್ಕು ಸಲ ತಂತಿಯನ್ನು ನೆನೆದು ಇಪ್ಪತ್ತೈದನೆಯ ಸಲ ಮರೆತರೆ ಮೊದಲಿನ ನೆನಪುಗಳೆಲ್ಲ ವ್ಯರ್ಥ. ಅನುಭವವು ಹೆಚ್ಚಿದಂತೆ ಮರೆವಿಗೂ ಅವಕಾಶ ಹೆಚ್ಚುತ್ತದೆಯೆಂಬುದು ಇಲ್ಲಿನ ವಿಚಿತ್ರ. ಆದುದರಿಂದ ನುರಿತ ಚಾಲಕರು, ಗಮನವನ್ನು ಬೇರೆಡೆಗೆ ಸೆಳೆಯುವ ಯಾವ ವ್ಯತ್ಯಾಸ ಉಂಟಾದರೂ (ಯೋಚಿಸದಿದ್ದ ಮೂಲೆಯೊಂದನ್ನು ಸಿಂಪಡಿಸಬೇಕಾಗಿ ಬಂದರೂ ಸರಿಯೆ) ಮೊದಲು ಮೇಲೆದ್ದು, ತಂತಿಗಳನ್ನು ಮತ್ತೆ ನೋಡಿ, ಅನಂತರ ಇಳಿಯುತ್ತಾರೆ.

ತಂತಿಯಾದರೂ ಹಳೆಯ ಪರಿಚಯದ ಶತ್ರು. ಅಮೆರಿಕದಲ್ಲಿ ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಯೋಜನೆಗಳು ಹೆಚ್ಚಿದಾಗ, ಗಾಳಿಯ ವೇಗವನ್ನು ಅಳೆಯಲು ಹೊಲಗಳಲ್ಲಿ ತೆಳುವಾದ ಬೂದುಬಣ್ಣದ ಕೊಳವೆಕಂಬಗಳನ್ನು ನಿಲ್ಲಿಸತೊಡಗಿದರು. 200 ಅಡಿಗಿಂತ ಎತ್ತರವಾದ ಕಟ್ಟಡಗಳಿಗೆ ಗುರುತು ಹಚ್ಚಬೇಕೆಂಬುದು ಅಲ್ಲಿನ ನಿಯಮ. ಈ ಕಂಬಗಳನ್ನು ಅದಕ್ಕೆ ಸ್ವಲ್ಪವೇ ಕಡಮೆಯಾಗುವಂತೆ ನಿಲ್ಲಿಸುತ್ತಿದ್ದರು. ನಿನ್ನೆ ಬರಿದಾಗಿದ್ದ ಹೊಲದಲ್ಲಿ ಇಂದು ಕಂಬವೂ ಅದನ್ನು ಬಿಗಿದ ತಂತಿಗಳೂ ಎದ್ದುನಿಂತಿರುತ್ತಿದ್ದವು. 2011ನೆಯ ಜನವರಿ 10ರಂದು ಕ್ಯಾಲಿಫೋರ್ನಿಯದ ನದೀಮುಖಜ ಪ್ರದೇಶದ ದ್ವೀಪವೊಂದರಲ್ಲಿ ಇಂತಹ ಕಂಬಕ್ಕೆ ವ್ಯವಸಾಯದ ವಿಮಾನವೊಂದು ಬಡಿದು ಚಾಲಕನು ಮಡಿದನು. ಕೊನೆಗೆ 2016ರಲ್ಲಿ ಅಮೆರಿಕದ ಶಾಸನಸಭೆಯು, ಗ್ರಾಮಪ್ರದೇಶಗಳಲ್ಲಿನ 50ರಿಂದ 200 ಅಡಿವರೆಗಿನ ಇಂತಹ ಕಂಬಗಳಿಗೂ ಗುರುತು ಹಚ್ಚಬೇಕೆಂದು ವಿಧಿಸಿತು.

ಇನ್ನು ತಿರುವಿನ ವಿಷಯ. ಹೊಲದ ಕೊನೆ ಬಂದಾಗ ಚಾಲಕನು ವಿಮಾನವನ್ನು ಮೇಲಕ್ಕೆತ್ತಿ, ಓರೆಮಾಡಿ, ಸುತ್ತು ತಿರುಗಿಸಿ, ಬಂದ ಹಾದಿಯ ಮಗ್ಗುಲಿಗೇ ಮತ್ತೆ ಇಳಿಯುತ್ತಾನೆ. ನೋಡುವವರಿಗೆ ಇದು ಹದ್ದಿನ ಆಟದಂತೆ ಅಂದವಾಗಿರುತ್ತದೆ. ಆದರೆ ಇಲ್ಲಿ ಬಲಗಳ ಲೆಕ್ಕ ಬಹು ಬಿಗಿಯಾದದ್ದು. ವಿಮಾನವು ಸಮವಾಗಿ ಹಾರುವಾಗ ರೆಕ್ಕೆಗಳ ಎತ್ತುವ ಬಲವು ಅದರ ತೂಕಕ್ಕೆ ಸರಿಸಮವಾಗಿರುತ್ತದೆ. ಓರೆಯಾದಾಗ ಆ ಬಲದ ಒಂದು ಪಾಲು ಮಾತ್ರ ತೂಕವನ್ನು ಹೊರುತ್ತದೆ. ಉಳಿದದ್ದು ವಿಮಾನವನ್ನು ಪಕ್ಕಕ್ಕೆ ಸೆಳೆದು ತಿರುಗಿಸುವುದಕ್ಕೆ ವೆಚ್ಚವಾಗುತ್ತದೆ. 60 ಡಿಗ್ರಿ ಓರೆಯಾಗಿ ಮಟ್ಟ ಕೆಡದಂತೆ ತಿರುಗಬೇಕಾದರೆ ರೆಕ್ಕೆಗಳು ತೂಕದ ಎರಡರಷ್ಟು ಬಲವನ್ನು ಒದಗಿಸಬೇಕು. ಈ ಬಲಕ್ಕಾಗಿ ಚಾಲಕನು ಮೂಗನ್ನು ಹೆಚ್ಚುಹೆಚ್ಚಾಗಿ ಎತ್ತುತ್ತ ಹೋದರೆ, ಒಂದು ಮಿತಿಯಲ್ಲಿ ರೆಕ್ಕೆಯ ಮೇಲ್ಮೈಯನ್ನು ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಸಿಡಿದು ಬೇರೆಯಾಗುತ್ತದೆ. ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ. ಇದನ್ನು ವೈಮಾನಿಕರು 'ಸ್ಟಾಲ್' ಎನ್ನುತ್ತಾರೆ. ಹೆಸರು ಎಂಜಿನ್ನು ನಿಂತುಹೋಯಿತೆಂಬ ಭ್ರಮೆಯನ್ನು ಹುಟ್ಟಿಸಿದರೂ ಎಂಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ.

ಸಮವಾಗಿ ಹಾರುವಾಗ ಗಂಟೆಗೆ 100 ಕಿಲೋಮೀಟರಿಗೆ ಸ್ಟಾಲ್ ಆಗುವ ವಿಮಾನವು 45 ಡಿಗ್ರಿ ಓರೆಯಲ್ಲಿ 119ಕ್ಕೂ, 60 ಡಿಗ್ರಿ ಓರೆಯಲ್ಲಿ 141ಕ್ಕೂ ಸ್ಟಾಲ್ ಆಗುತ್ತದೆ. ತೊಟ್ಟಿ ತುಂಬಿದ್ದು ತೂಕ ಹೆಚ್ಚಿದ್ದರೆ ಈ ಅಂಕಿಗಳು ಇನ್ನೂ ಮೇಲೇರುತ್ತವೆ. ಇಂದಿನ ದೊಡ್ಡ ಸಿಂಪರಣೆಯ ವಿಮಾನವೊಂದು ಮೂರು ಸಾವಿರ ಲೀಟರು ದ್ರವವನ್ನು ಹೊರುವುದೆಂಬುದನ್ನು ನೆನೆಯಿರಿ. ದಿನದ ಮೊದಲ ತಿರುವಿಗೂ ತೊಟ್ಟಿ ಬರಿದಾಗುತ್ತಿರುವಾಗಿನ ತಿರುವಿಗೂ ಅದು ಎರಡು ಬೇರೆಬೇರೆ ವಿಮಾನಗಳಿದ್ದಂತೆ. ಇತ್ತ ಮೇಲೇರುವುದರಿಂದ ವೇಗ ಕುಗ್ಗುತ್ತಿರುತ್ತದೆ, ಅತ್ತ ಓರೆಯಾಗುವುದರಿಂದ ಬೇಕಾದ ವೇಗ ಏರುತ್ತಿರುತ್ತದೆ. ಇವೆರಡೂ ಸಂಧಿಸಿದ ಕ್ಷಣದಲ್ಲಿ ಒಂದು ರೆಕ್ಕೆ ತಟ್ಟನೆ ಬಾಗಿ ವಿಮಾನವು ನೆಲದತ್ತ ಬೀಳುತ್ತದೆ. ಸಾವಿರ ಮೀಟರು ಎತ್ತರದಲ್ಲಿ ಇದು ಶಿಷ್ಯರಿಗೆ ಕಲಿಸುವ ಒಂದು ಪಾಠ ಮಾತ್ರ. ಮೂಗನ್ನು ಕೆಳಗೆ ಮಾಡಿ ವೇಗವನ್ನು ಗಳಿಸಿಕೊಂಡರೆ ಎಲ್ಲ ಸರಿಹೋಗುತ್ತದೆ. ಐವತ್ತು ಮೀಟರು ಎತ್ತರದಲ್ಲಿ ಅದಕ್ಕೆ ಬೇಕಾದ ಆಳವೇ ಇರುವುದಿಲ್ಲ.

ಗಾಳಿಯೂ ಇಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ. ವಿಮಾನವು ಗಾಳಿಯ ಜೊತೆಯಲ್ಲಿ ಸಾಗುವಾಗ ನೆಲವು ವೇಗವಾಗಿ ಹಿಂದಕ್ಕೆ ಓಡುವಂತೆ ಕಾಣುತ್ತದೆ. ಎತ್ತರದಲ್ಲಿದ್ದರೆ ಇದು ತಿಳಿಯುವುದೇ ಇಲ್ಲ. ಮರಗಳ ಸಮದಲ್ಲಿದ್ದರೆ ಕಣ್ಣಿಗೆ ರಾಚುತ್ತದೆ. ವೇಗ ಬೇಕಾದಷ್ಟಿದೆಯೆಂದು ನಂಬಿ ಚಾಲಕನು ಎಂಜಿನ್ನನ್ನು ತಗ್ಗಿಸಿದರೆ ಕೆಟ್ಟ. ರೆಕ್ಕೆಗೆ ಬೇಕಾದದ್ದು ನೆಲದ ಮೇಲಿನ ವೇಗವಲ್ಲ, ಗಾಳಿಯಲ್ಲಿನ ವೇಗ.

ಹೊರಗಿನ ಶತ್ರುಗಳು ಇವಾದರೆ, ತೊಟ್ಟಿಯೊಳಗೇ ಒಂದು ಶತ್ರುವುಂಟು. ಪ್ಯಾರಾಥಿಯಾನ್ ಜಾತಿಯ ಕೀಟನಾಶಕಗಳು ಹುಳುವಿನ ನರಗಳನ್ನು ಯಾವ ರೀತಿಯಲ್ಲಿ ಕೆಡಿಸುತ್ತವೆಯೋ ಅದೇ ರೀತಿಯಲ್ಲಿ ಮನುಷ್ಯನ ನರಗಳನ್ನೂ ಕೆಡಿಸುತ್ತವೆ. ನರದಿಂದ ಸ್ನಾಯುವಿಗೆ ಸುದ್ದಿಯನ್ನು ಮುಟ್ಟಿಸುವ ಅಸಿಟೈಲ್‌ಕೋಲೀನ್ ಎಂಬ ವಸ್ತುವನ್ನು, ಕೆಲಸ ಮುಗಿದೊಡನೆ ಅಳಿಸಿಹಾಕುವ ಕಿಣ್ವವೊಂದು ನಮ್ಮಲ್ಲಿದೆ. ವಿಷವು ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಕಣ್ಣಿನ ಪಾಪೆ ಕುಗ್ಗುತ್ತದೆ, ನೋಟ ಮಂಜಾಗುತ್ತದೆ, ತಲೆ ಸುತ್ತುತ್ತದೆ, ಮನಸ್ಸು ತಡವರಿಸುತ್ತದೆ. ನೆಲದ ಮೇಲಿನ ಕೂಲಿಗಾರನಾದರೆ ನೆರಳಿನಲ್ಲಿ ಹೋಗಿ ಕುಳಿತಾನು. ತಂತಿಯ ದೂರವನ್ನು ಸೆಕೆಂಡಿನ ಲೆಕ್ಕದಲ್ಲಿ ಅಳೆಯಬೇಕಾದವನಿಗೆ ಅಷ್ಟೇ ಸಾಕು ಪ್ರಾಣ ಹೋಗಲು. ಆಮೇಲೆ ಒಡೆದ ವಿಮಾನವನ್ನು ಪರೀಕ್ಷಿಸಿದವರಿಗೆ ಯಂತ್ರದಲ್ಲಿ ಯಾವ ದೋಷವೂ ಸಿಕ್ಕುವುದಿಲ್ಲ. ಆದುದರಿಂದಲೇ ಔಷಧಿಯನ್ನು ಬೆರಸಿ ತುಂಬುವ ಕೆಲಸಕ್ಕೆ ಚಾಲಕನು ಕೈಹಾಕಕೂಡದೆಂಬ ಪದ್ಧತಿ ಬಂದಿತು. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳು ವಿಷದ ಲಕ್ಷಣಗಳ ಅರಿವನ್ನೂ ಚಾಲಕನ ತರಬೇತಿಯಲ್ಲಿ ಸೇರಿಸಿದುವು. ಸಿಂಪಡಿಸುವ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನರನ್ನೂ ದನಕರುಗಳನ್ನೂ ಆ ಪ್ರದೇಶಕ್ಕೆ ಬಿಡಕೂಡದು, ಎಂದೂ ವಿಧಿಸಿದುವು. ಹಿಂದೆ ಹೊಲದ ಅಂಚಿನಲ್ಲಿ ಬಾವುಟ ಹಿಡಿದು ದಾರಿ ತೋರುತ್ತಿದ್ದ ಆಳುಗಳ ಮೇಲೆ ದಿನವಿಡೀ ವಿಷ ಬೀಳುತ್ತಿತ್ತು. ಉಪಗ್ರಹಗಳ ಸಹಾಯದಿಂದ ವಿಮಾನವೇ ತನ್ನ ಹಾದಿಯನ್ನು ಅರಿಯುವಂತಾದ ಮೇಲೆ ಆ ಕೆಲಸ ಬಹಳ ಕಡೆ ಇಲ್ಲವಾಗಿದೆ.

ನಿಯಮವಿದ್ದ ಮಾತ್ರಕ್ಕೆ ಅದು ನಡೆಯಿತೆಂದಲ್ಲ. ಕನ್ನಡ, ತುಳು, ಮಲಯಾಳ ಭಾಷೆಗಳು ಬೆರೆಯುವ ಕಾಸರಗೋಡಿನ ಗುಡ್ಡಗಳಲ್ಲಿ ಸರಕಾರಿ ನಿಗಮದ ಗೋಡಂಬಿ ತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ, 2000ದ ವರೆಗೆ, ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ತೋಟಗಳು ಗುಡ್ಡದ ಮೇಲೆ, ಮನೆಗಳೂ ನೀರಿನ ಒರತೆಗಳೂ ಕಣಿವೆಯಲ್ಲಿ. ಹನಿಯ ಲೆಕ್ಕವನ್ನು ಮೇಲೆ ಓದಿದವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಈ ವಿಷವನ್ನು ತಡೆಯಿತು. 2017ರಲ್ಲಿ, ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು.

ಚಾಲಕನ ಕಡೆಗೆ ಮರಳೋಣ. ಬೀಳುವುದನ್ನು ಪೂರ್ತಿಯಾಗಿ ತಪ್ಪಿಸಲಾಗದಿದ್ದರೆ, ಬಿದ್ದರೂ ಬದುಕುವಂತೆ ಮಾಡಬಾರದೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟವನು ಹ್ಯೂ ಡಿಹೇವನ್ ಎಂಬ ಅಮೆರಿಕನ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಕಲಿಯುತ್ತಿದ್ದಾಗ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದು, ಅವನೊಬ್ಬ ಉಳಿದಿದ್ದನು. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದ ಜನರ ವೃತ್ತಾಂತಗಳನ್ನು ಪರೀಕ್ಷಿಸಿ 1942ರಲ್ಲಿ ಪ್ರಕಟಿಸಿದನು. ಕೊಲ್ಲುವುದು ವೇಗವಲ್ಲ, ವೇಗವು ನಿಲ್ಲುವ ದೂರ ಎಂಬುದು ಅವನು ತೋರಿಸಿಕೊಟ್ಟ ಸತ್ಯ. ಸೆಕೆಂಡಿಗೆ 30 ಮೀಟರು ವೇಗದ ವಿಮಾನವು ಒಂದು ಮೀಟರಿನೊಳಗೆ ನಿಂತರೆ ಚಾಲಕನ ಮೇಲೆ ಅವನ ತೂಕದ 46 ಮಡಿ ಬಲ ಬೀಳುತ್ತದೆ. ಮುಂಭಾಗವು ನಜ್ಜುಗುಜ್ಜಾಗುತ್ತ ಮೂರು ಮೀಟರಿನಲ್ಲಿ ನಿಂತರೆ 15 ಮಡಿ ಮಾತ್ರ. ಭುಜದ ಪಟ್ಟಿಗಳು ಗಟ್ಟಿಯಾಗಿದ್ದರೆ ಮನುಷ್ಯದೇಹವು ಇದನ್ನು ತಾಳಬಲ್ಲುದು.

ಟೆಕ್ಸಾಸಿನಲ್ಲಿ ಫ್ರೆಡ್ ವೈಕ್ ಎಂಬ ಎಂಜಿನಿಯರು ಇದೇ ತತ್ತ್ವದ ಮೇಲೆ 1950ರಲ್ಲಿ ವ್ಯವಸಾಯಕ್ಕೆಂದೇ ಒಂದು ವಿಮಾನವನ್ನು ರಚಿಸಿದನು. ಮುಂದೆ ಎಂಜಿನ್ನು, ಅದರ ಹಿಂದೆ ತೊಟ್ಟಿ, ಎಲ್ಲದರ ಹಿಂದೆ ಎತ್ತರದಲ್ಲಿ ಚಾಲಕ. ಬಿದ್ದಾಗ ಭಾರವಾದ ವಸ್ತುಗಳು ಅವನ ಬೆನ್ನಿಗೆ ಬಂದು ಬಡಿಯುವುದಿಲ್ಲ. ಅವುಗಳೇ ಮೊದಲು ಜಜ್ಜಿಹೋಗಿ ಅವನನ್ನು ಉಳಿಸುತ್ತವೆ. ಕಾಯ್ದ ತಂತಿಗಳನ್ನು ಕತ್ತರಿಸಲು ಚಕ್ರದ ಕಾಲುಗಳಿಗೂ ಗಾಜಿನ ನಡುವಿಗೂ ಉಕ್ಕಿನ ಅಲಗು. ತಂತಿಯು ಬಾಲದ ಚುಕ್ಕಾಣಿಗೆ ಸಿಕ್ಕದೆ ಜಾರಿಹೋಗುವಂತೆ ಚಾಲಕನ ಗೂಡಿನ ನೆತ್ತಿಯಿಂದ ಬಾಲದ ತುದಿಗೆ ಬಿಗಿದ ಹಗ್ಗ. ಅಪಾಯ ಬಂದಾಗ ಭಾರವನ್ನೆಲ್ಲ ಕೆಲವು ಸೆಕೆಂಡುಗಳಲ್ಲಿ ಸುರಿದುಬಿಡುವ ಒಂದು ಹಿಡಿಕೆ. ಇವು ಈಗ ಇಂತಹ ವಿಮಾನಗಳಲ್ಲಿ ಸಾಮಾನ್ಯ. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯು ರಚಿಸಿದ 'ಬಸಂತ್' ವಿಮಾನವೂ ಇದೇ ಬಗೆಯದು. 400 ಅಶ್ವಶಕ್ತಿಯ ಎಂಜಿನ್ನುಳ್ಳ ಅದರ ತಿದ್ದಿದ ಮಾದರಿಯು 1972ರ ಮಾರ್ಚಿಯಲ್ಲಿ ಮೊದಲಬಾರಿಗೆ ಹಾರಿತು. ಒಟ್ಟು 39 ವಿಮಾನಗಳಾದ ಮೇಲೆ, 1980ರ ಸುಮಾರಿಗೆ, ತಯಾರಿಕೆ ನಿಂತಿತು.

ವಿಮಾನವು ಎಷ್ಟೇ ಗಟ್ಟಿಯಾದರೂ ನಡೆಸುವವನು ದಣಿಯುತ್ತಾನೆ. 2013ರಲ್ಲಿ ಅಮೆರಿಕದಲ್ಲಿ ನಡೆದ ವ್ಯವಸಾಯ ವಿಮಾನಗಳ 78 ಅಪಘಾತಗಳನ್ನು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಲಿಯು ಒಟ್ಟಾಗಿ ಪರಿಶೀಲಿಸಿ ಮರುವರ್ಷ ವರದಿಮಾಡಿತು. ಅದು ಎತ್ತಿಹೇಳಿದ ಕಾರಣಗಳಲ್ಲಿ ಯಂತ್ರಗಳ ಸರಿಯಾದ ಪಾಲನೆ ಇಲ್ಲದಿರುವುದರ ಜೊತೆಗೆ ಚಾಲಕರ ದಣಿವೂ ಸೇರಿತ್ತು. ಹುಳು ಬಿದ್ದ ಬೆಳೆ ಕಾಯುವುದಿಲ್ಲ. ಹಂಗಾಮಿನ ಕೆಲವೇ ವಾರಗಳಲ್ಲಿ ವರ್ಷದ ದುಡಿಮೆಯೆಲ್ಲ ಮುಗಿಯಬೇಕು. ಗಾಳಿ ಶಾಂತವಾಗಿರುವ ಹೊತ್ತಿಗಾಗಿ ಚಾಲಕನು ಕೋಳಿ ಕೂಗುವುದಕ್ಕೆ ಮೊದಲೇ ಏಳುತ್ತಾನೆ, ಕತ್ತಲಾಗುವವರೆಗೂ ದುಡಿಯುತ್ತಾನೆ.

ಈಚೆಗೆ ಚಾಲಕನನ್ನೇ ವಿಮಾನದಿಂದ ಇಳಿಸಿಬಿಡುವ ಪ್ರಯತ್ನ ಸಾಗಿದೆ. 2020ರಲ್ಲಿ ರಾಜಸ್ಥಾನಕ್ಕೆ ಮಿಡತೆಯ ಹಿಂಡುಗಳು ನುಗ್ಗಿದಾಗ ಹೆಲಿಕಾಪ್ಟರಿನೊಡನೆ ಡ್ರೋನುಗಳನ್ನೂ ನಮ್ಮ ಸರಕಾರವು ಬಳಸಿತು. ಈಗ ಸುಮಾರು ಹತ್ತು ಲೀಟರು ಔಷಧಿಯನ್ನು ಹೊತ್ತು ಹೊಲದ ಮೇಲೆ ತೂಗಾಡುವ ಡ್ರೋನುಗಳು ಕರ್ನಾಟಕದ ಹಳ್ಳಿಗಳಲ್ಲೂ ಕಾಣುತ್ತವೆ. ನಡೆಸುವವನು ಬದುವಿನ ಮೇಲೆ ನಿಂತಿರುತ್ತಾನೆ. ತಂತಿಗಳು ಇದ್ದಲ್ಲೇ ಇವೆ; ಡ್ರೋನೂ ಅವುಗಳಿಗೆ ಸಿಕ್ಕುವುದುಂಟು. ಆದರೆ ಆಗ ಹೊಲದಲ್ಲಿ ಬೀಳುವುದು ಮುರಿದ ನಾಲ್ಕಾರು ರೆಕ್ಕೆಗಳು, ಒಂದು ಬ್ಯಾಟರಿ, ಒಂದು ಒಡೆದ ತೊಟ್ಟಿ.